ಹಿಡಿದದ್ದನ್ನು ಬಿಡುವ ದ್ರಾವಣ

ಶಿವಗಂಗೆ ಬೆಟ್ಟಕ್ಕೆ ಹೋಗಿ ಬಂದವರು ಗಂಗಾಧರೇಶ್ವರನ ಸನ್ನಿಧಿಯ ತುಪ್ಪದ ಮಾತು ಆಡದೆ ಇರುವುದಿಲ್ಲ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ನೆಲಮಂಗಲ ಸೀಮೆಯ ಹಳೆಯ ಪ್ರತೀತಿ. ನಂಬುವುದು ಬಿಡುವುದು ಅವರವರ ಇಷ್ಟ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಪ್ರತೀತಿಯ ಬೆನ್ನಿಗಿರುವ ಅಡುಗೆಮನೆಯ ಲೆಕ್ಕ. ಬೆಣ್ಣೆ ಕಾಸಿದರೆ ತುಪ್ಪ. ತುಪ್ಪದಿಂದ ಬೆಣ್ಣೆಗೆ ಹಿಂದಿರುಗುವ ದಾರಿ ಯಾವ ಮನೆಯ ಒಲೆಯಲ್ಲೂ ಇಲ್ಲ. ಇಲ್ಲದ ದಾರಿ ಕಂಡದ್ದರಿಂದಲೇ ಅದು ಪವಾಡ.

ರಸಾಯನ ಕೈಗಾರಿಕೆಯಲ್ಲಿ ಹೀಗೆ ಹಿಂದಿರುಗುವ ದಾರಿಯನ್ನೇ ನಂಬಿ ಬದುಕುವ ಒಂದು ಕಸುಬಿದೆ. ಹೊಗೆಯಲ್ಲೋ ಗ್ಯಾಸಿನಲ್ಲೋ ಇರುವ ಇಂಗಾಲದ ಡೈಆಕ್ಸೈಡನ್ನು ಒಂದು ದ್ರಾವಣ ಹೀರಿಕೊಳ್ಳಬೇಕು. ಕಾಸಿದೊಡನೆ ಹೀರಿದ್ದನ್ನೆಲ್ಲ ಕಕ್ಕಿ, ಮೊದಲಿನಂತಾಗಿ, ಮತ್ತೆ ಹೀರಲು ಹೊರಡಬೇಕು. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ. ಆ ದ್ರಾವಣದ ಒಳಗಿರುವುದು ಅಮೀನ್.

ಹಿಡಿಯುವುದಷ್ಟೇ ಬೇಕಿದ್ದರೆ ಸುಣ್ಣ ಸಾಕಿತ್ತು. ದೇವನಹಳ್ಳಿಯಲ್ಲಿ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದು ಹದಿನೆಂಟನೆಯ ಶತಮಾನದಲ್ಲಿ ಹೈದರ್–ಟಿಪ್ಪು ಕಾಲಕ್ಕೆ ಕಲ್ಲಿನದಾಯಿತು. ಅದರ ಬುರುಜುಗಳ ಮೇಲೆ ಇಟ್ಟಿಗೆ ಮತ್ತು ಗಾರೆಯ ಕೆಲಸ ಇಂದಿಗೂ ಕಾಣುತ್ತದೆ. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಅರೆದು ಗೋಡೆಗೆ ಹಚ್ಚಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ವರ್ಷಾನುಗಟ್ಟಲೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆ ಹಿಡಿತ ಬಿಡಿಸಲು ಮತ್ತೆ 900 ಡಿಗ್ರಿಯ ಗೂಡೇ ಬೇಕು. ಇದಕ್ಕೆ ತದ್ವಿರುದ್ಧ ಗೋಲಿ ಸೋಡಾ. ಒತ್ತಡ ಹಾಕಿ ತುಂಬಿಸಿದ್ದಷ್ಟೂ ಗೋಲಿ ಒಳಗೆ ಬೀಳುತ್ತಲೇ ಬುಸ್ಸೆಂದು ಹೊರಗೆ ಬರುತ್ತದೆ. ಬರೀ ನೀರಿಗೆ ಹಿಡಿತವೆಂಬುದೇ ಇಲ್ಲ.

ಅಮೀನಿನ ಜಾಗ ಸುಣ್ಣದ ಬಿಗಿಗೂ ಸೋಡಾನೀರಿನ ಸಡಿಲಿಗೂ ನಡುವೆ. 40–60 ಡಿಗ್ರಿಯಲ್ಲಿ ಹಿಡಿಯುತ್ತದೆ, 120 ಡಿಗ್ರಿಯ ಆಸುಪಾಸಿನಲ್ಲಿ ಬಿಡುತ್ತದೆ. ಈ ನಡುವಿನ ಜಾಗದಲ್ಲಿ ಎಲ್ಲಿ ನಿಲ್ಲಬೇಕೆಂಬುದೇ ಸುಮಾರು ನೂರು ವರ್ಷಗಳ ಹುಡುಕಾಟ. ಬೇಗ ಹಿಡಿಯುವ ಅಮೀನ್ ಬಿಗಿಯಾಗಿ ಹಿಡಿಯುತ್ತದೆ. ಬಿಡಿಸಲು ಉರಿ ಹೆಚ್ಚು ಬೇಕು. ಸಲೀಸಾಗಿ ಬಿಡುವ ಅಮೀನ್ ಹಿಡಿಯುವಾಗ ಮೀನಮೇಷ ಎಣಿಸುತ್ತದೆ. ಈ ಕ್ಷೇತ್ರದ ಪೇಟೆಂಟ್‌ಗಳು, ಪ್ರಬಂಧಗಳು, ಜಗಳಗಳು ಬಹುಪಾಲು ಈ ಒಂದು ತೊಡಕಿನ ಸುತ್ತ ಹುಟ್ಟಿದವು.

ಅಮೋನಿಯಾದ ಮನೆತನ

ಅಮೋನಿಯಾದಲ್ಲಿ ಒಂದು ಸಾರಜನಕಕ್ಕೆ ಮೂರು ಜಲಜನಕ. ಅವುಗಳಲ್ಲಿ ಒಂದನ್ನು ತೆಗೆದು ಇಂಗಾಲದ ಗುಂಪು ಸೇರಿಸಿದರೆ ಪ್ರಾಥಮಿಕ ಅಮೀನ್, ಎರಡನ್ನು ತೆಗೆದರೆ ದ್ವಿತೀಯಕ, ಮೂರನ್ನೂ ತೆಗೆದರೆ ತೃತೀಯಕ. ಕಾರ್ಖಾನೆಯ ಮಾತಿನಲ್ಲಿ ಇವು ಇದೇ ಕ್ರಮದಲ್ಲಿ ಅಕ್ಷರಗಳಾಗಿಬಿಟ್ಟಿವೆ: ಮಾನೋಎಥನಾಲಮೀನ್ ಎಂದರೆ ಎಂಇಎ, ಡೈಎಥನಾಲಮೀನ್ ಡಿಇಎ, ಮೀಥೈಲ್ ಡೈಎಥನಾಲಮೀನ್ ಎಂಡಿಇಎ. ಮೂಗಿಗೆ ಬಡಿದರೆ ಮೂತ್ರದಂತೆಯೋ ಹಳಸಿದ ಮೀನಿನಂತೆಯೋ ವಾಸನೆ.

ಸಾರಜನಕದ ಬಳಿ ಯಾರೊಂದಿಗೂ ಹಂಚಿಕೊಳ್ಳದ ಒಂದು ಜೊತೆ ಎಲೆಕ್ಟ್ರಾನ್ ಇರುತ್ತದೆ. ಇಂಗಾಲದ ಡೈಆಕ್ಸೈಡಿನ ನಡುವಿನ ಇಂಗಾಲದ ಸ್ಥಿತಿ ಅದಕ್ಕೆ ವಿರುದ್ಧ. ಎರಡು ಪಕ್ಕದಲ್ಲೂ ಕೂತ ಆಮ್ಲಜನಕಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆದುಕೊಂಡು ಅದನ್ನು ಬಡವನನ್ನಾಗಿಸಿವೆ. ಇದ್ದವನೂ ಇಲ್ಲದವನೂ ಎದುರಾದಾಗ ಬಂಧ ಏರ್ಪಡುತ್ತದೆ. ಹಾಗೆ ಹುಟ್ಟುವುದು ಕಾರ್ಬಮೇಟ್. ಆದರೆ ಬಂಧವಾದ ಮೇಲೆ ಸಾರಜನಕದ ಮೇಲೆ ಒಂದು ಪ್ರೋಟಾನ್ ಹೆಚ್ಚಾಗಿ ಉಳಿಯುತ್ತದೆ. ಅದನ್ನು ಕೊಂಡೊಯ್ಯಲು ಇನ್ನೊಂದು ಅಮೀನ್ ಬರಬೇಕು. ಹಾಗಾಗಿ ಒಂದು ಇಂಗಾಲದ ಡೈಆಕ್ಸೈಡಿಗೆ ಎರಡು ಅಮೀನ್ ಖರ್ಚು. ಎಂಇಎ ದ್ರಾವಣ ಸಾಮಾನ್ಯವಾಗಿ ತನ್ನ ಲೆಕ್ಕದ ಅರ್ಧದಷ್ಟನ್ನೇ ಹೊರುವುದು ಈ ಕಾರಣಕ್ಕೆ.

ತೃತೀಯಕ ಅಮೀನಿಗೆ ಈ ದಾರಿ ಮುಚ್ಚಿದೆ. ಬಿಟ್ಟುಕೊಡಲು ಅದರ ಸಾರಜನಕದ ಮೇಲೆ ಜಲಜನಕವೇ ಇಲ್ಲ. ಅದು ನೀರಿನ ಪ್ರೋಟಾನನ್ನು ತಾನು ಹಿಡಿದುಕೊಂಡು, ನೀರು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬೈಕಾರ್ಬೊನೇಟ್ ಆಗುವಂತೆ ನೋಡಿಕೊಳ್ಳುತ್ತದೆ. ಅಡುಗೆ ಸೋಡಾದಲ್ಲಿರುವುದೂ ಇದೇ ಬೈಕಾರ್ಬೊನೇಟ್. ಇಲ್ಲಿ ಒಂದಕ್ಕೆ ಒಂದು ಸಾಕು, ಬಿಡಿಸಲು ಶಾಖವೂ ಕಡಿಮೆ. ಎಂಇಎ ಹಿಡಿದ ಪ್ರತಿ ಮೋಲ್ ಅನಿಲಕ್ಕೆ ಸುಮಾರು 85 ಕಿಲೋಜೂಲ್ ಶಾಖ ಹೊಮ್ಮಿದರೆ ಎಂಡಿಇಎಗೆ 55–60. ಹೊಮ್ಮಿದಷ್ಟನ್ನೂ ಬಿಡಿಸುವಾಗ ಮರಳಿ ಕೊಡಬೇಕು. ಆದರೆ ವೇಗ? 25 ಡಿಗ್ರಿಯಲ್ಲಿ ಎಂಇಎಯ ವೇಗಾಂಕ ಎಂಡಿಇಎಯದಕ್ಕಿಂತ ಸಾವಿರ ಪಟ್ಟು ಹೆಚ್ಚು.

ಮನೆತನದ ಹಿರಿಯ ಅಮೋನಿಯಾ ಕೂಡ ಕಾರ್ಬಮೇಟಿನ ದಾರಿಯನ್ನೇ ಹಿಡಿಯುತ್ತದೆ. ಹೆಚ್ಚು ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಅಮೋನಿಯಂ ಕಾರ್ಬಮೇಟ್ ಆಗುತ್ತದೆ. ಅದರಿಂದ ನೀರು ಕಳೆದರೆ ಯೂರಿಯಾ. 1922ರ ಬಾಶ್–ಮೈಸರ್ ವಿಧಾನ ಇದೇ. ಮಂಗಳೂರಿನ ಪಣಂಬೂರಿನಲ್ಲಿ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ (ಎಂಸಿಎಫ್) 1976ರಲ್ಲಿ ಯೂರಿಯಾ ಮಾಡತೊಡಗಿದ್ದೂ ಈ ಮೂಲ ರಸಾಯನದ ಮೇಲೆಯೇ. ದೊಡ್ಡಬಳ್ಳಾಪುರದ ರಾಗಿ ಹೊಲದ ಬದುವಿನ ಮೇಲೆ ಇಳಿಸಿದ 45 ಕೆ.ಜಿ. ಯೂರಿಯಾ ಮೂಟೆಯ ಲೆಕ್ಕ ಹಾಕಿದರೆ ಅದರೊಳಗೆ ಸುಮಾರು 33 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿದೆ. ಮಣ್ಣಿಗೆ ಬಿದ್ದು ಯೂರಿಯಾ ಒಡೆದಾಗ ಅಷ್ಟೂ ಹೊರಬರುತ್ತದೆ. ಆ ಹೊಲದ ಪ್ರತಿ ರಾಗಿ ಎಲೆಯೊಳಗೂ ಕಾರ್ಬಮೇಟ್ ಇದೆ. ಇಂಗಾಲವನ್ನು ಸಕ್ಕರೆಯ ದಾರಿಗೆ ಹಚ್ಚುವ ರೂಬಿಸ್ಕೋ ಕಿಣ್ವ ಕೆಲಸ ಶುರುಮಾಡಬೇಕಾದರೆ ಮೊದಲು ಅದರದೇ ಒಂದು ಅಮೀನ್ ಗುಂಪು ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳಬೇಕು. ನಮ್ಮ ರಕ್ತದ ಹಿಮೋಗ್ಲೋಬಿನ್ ಕೂಡ ಉಸಿರಿಗೆ ಹೊರಟ ಅನಿಲದ ಒಂದು ಪಾಲನ್ನು ತನ್ನ ಅಮೀನ್ ತುದಿಗಳಲ್ಲಿ ಹೊತ್ತು ಶ್ವಾಸಕೋಶಕ್ಕೆ ತಂದು ಇಳಿಸುತ್ತದೆ.

ಈ ರಕ್ತದ ಸಂಗತಿ ನಮ್ಮ ಕಥೆಗೆ ದೂರದ್ದೇನಲ್ಲ. ಕಾರ್ಬಮೇಟ್ ಎಷ್ಟು ಬೇಗ ಆಗುತ್ತದೆ, ಎಷ್ಟು ಬೇಗ ಒಡೆಯುತ್ತದೆ ಎಂದು ಕಾರ್ಖಾನೆಯವರಿಗಿಂತ ಮೊದಲು ಕೂತು ಅಳೆದವರು ಇನ್ನೊಂದು ಲೋಕದವರು. ಡೆನ್ಮಾರ್ಕಿನ ರಸಾಯನಜ್ಞ ಕಾರ್ಲ್ ಫೌರ್‌ಹೋಲ್ಟ್ 1925ರಲ್ಲೇ ಕಾರ್ಬಮೇಟ್–ಕಾರ್ಬೊನೇಟ್ ದ್ರಾವಣಗಳ ಅಧ್ಯಯನ ಪ್ರಕಟಿಸಿದ. ಕೇಂಬ್ರಿಜ್‌ನಲ್ಲಿ ರಫ್ಟನ್ 1930ರ ದಶಕದಲ್ಲಿ ರಕ್ತದಲ್ಲಿನ ಕಾರ್ಬಮಿನೋ ಸಂಯುಕ್ತಗಳನ್ನು ಅಳೆಯುತ್ತಿದ್ದ. ಅದೇ ಹೊತ್ತಿಗೆ ಅಮೆರಿಕದ ಕೆಂಟಕಿಯ ಗರ್ಡ್ಲರ್ ಕಂಪನಿಯ ಆರ್.ಆರ್. ಬಾಟಮ್ಸ್ ಇದೇ ಕ್ರಿಯೆಯನ್ನು ಗೋಪುರಗಳೊಳಗೆ ನಡೆಸುವ ಉಪಾಯ ಮಾಡಿಕೊಂಡಿದ್ದ. 1930ರ ಡಿಸೆಂಬರ್‌ನಲ್ಲಿ ಅವನ ಪೇಟೆಂಟ್ ಬಂತು. ಬಹುಕಾಲ ಈ ಎರಡು ಪಂಗಡಗಳು ಒಂದನ್ನೊಂದು ಮಾತನಾಡಿಸಲಿಲ್ಲ.

ಬಾಟಮ್ಸ್ ಹಾಕಿದ ನಕ್ಷೆ ಇಂದಿಗೂ ಬದಲಾಗಿಲ್ಲ. ಒಂದು ಗೋಪುರದಲ್ಲಿ ಅನಿಲ ಕೆಳಗಿನಿಂದ ಮೇಲಕ್ಕೆ, ಅಮೀನ್ ದ್ರಾವಣ ಮೇಲಿನಿಂದ ಕೆಳಕ್ಕೆ. ತಳದಲ್ಲಿ ಸಿಗುವ ಹೊಟ್ಟೆ ತುಂಬಿದ ದ್ರಾವಣ ಇನ್ನೊಂದು ಗೋಪುರಕ್ಕೆ ಹೋಗಿ ಹಬೆಯಲ್ಲಿ ಬೆಂದು ಅನಿಲವನ್ನು ಬಿಡುತ್ತದೆ. ಹಸಿದ ದ್ರಾವಣ ತಣ್ಣಗಾಗಿ ಮೊದಲ ಗೋಪುರದ ನೆತ್ತಿಗೆ ಮರಳುತ್ತದೆ. ನೈಸರ್ಗಿಕ ಅನಿಲ ಶುದ್ಧಿ, ಒಣ ಮಂಜುಗಡ್ಡೆ, ಅಮೋನಿಯಾ ಕಾರ್ಖಾನೆ, ಅಣುಶಕ್ತಿಯ ಜಲಾಂತರ್ಗಾಮಿಯೊಳಗಿನ ಉಸಿರಾಟದ ಗಾಳಿ ಎಲ್ಲಕ್ಕೂ ಇದೇ ಜೋಡಿ ಗೋಪುರ. ಬಾಟಮ್ಸ್ ಮೊದಲು ಬಳಸಿದ್ದು ಮೂರೂ ಜಲಜನಕ ಕಳೆದುಕೊಂಡ ಟ್ರೈಎಥನಾಲಮೀನನ್ನು. ಅದು ಮಂದಗತಿಯದೆಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಎಂಇಎ, ಡಿಇಎ ಆ ಜಾಗಕ್ಕೆ ಬಂದವು. 1950ರಲ್ಲಿ ಫ್ರೇಜಿಯರ್ ಮತ್ತು ಕೋಲ್ ಎಂಡಿಇಎಯ ಮಂದಗತಿಯನ್ನೇ ಉಪಯೋಗಕ್ಕೆ ತಿರುಗಿಸಿದರು. ಹೈಡ್ರೋಜನ್ ಸಲ್ಫೈಡ್ ಪ್ರೋಟಾನ್ ಕೊಟ್ಟು ಕ್ಷಣಾರ್ಧದಲ್ಲಿ ಕರಗುತ್ತದೆ. ಇಂಗಾಲದ ಡೈಆಕ್ಸೈಡ್ ಯೋಚಿಸುತ್ತಿರುವಾಗಲೇ ಅನಿಲ ಗೋಪುರ ದಾಟಿರುತ್ತದೆ. ಒಂದನ್ನು ಹಿಡಿ, ಇನ್ನೊಂದನ್ನು ಬಿಡು ಎಂಬ ಈ ಜರಡಿ ಕೆಲಸ ಇಂದು ತೈಲ ಶುದ್ಧೀಕರಣಾಗಾರಗಳ ನಿತ್ಯದ ಮಾತು.

ಬಂಡೆಯ ಮೇಲಿನ ನೀರ ಪದರ

ಮಳೆ ನಿಂತ ಮೇಲೆ ಶಿವಗಂಗೆಯ ಬಂಡೆ ನೋಡಬೇಕು. ನೀರು ಹರಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ, ಹೊಳೆಯುವ ಪದರವಾಗಿ ಇಳಿಯುತ್ತಿರುತ್ತದೆ. ಗೋಪುರದೊಳಗೆ ತುಂಬಿದ ಉಂಗುರಗಳ ಮೇಲೂ ಅಮೀನ್ ಹೀಗೆಯೇ ಇಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಈ ಕ್ರಿಯೆಯನ್ನು ಅಳೆಯುವ ಒಂದು ಉಪಕರಣವೂ ಒದ್ದೆ ಗೋಡೆಯ ಕಂಬವೇ. ಅನಿಲ ಆ ಪದರಕ್ಕೆ ಎಷ್ಟು ಬೇಗ ಇಳಿಯುತ್ತದೆಂಬುದು ರಸಾಯನವೊಂದರಿಂದ ತೀರ್ಮಾನವಾಗುವುದಿಲ್ಲ. ನೀರಿನ ಚಲನೆಯೂ ಸೇರಿಕೊಳ್ಳುತ್ತದೆ.

ಶುದ್ಧ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡಿನ ಅರ್ಧ ಪಾಲು ನೀರಿನೊಡನೆ ಕ್ರಿಯೆ ಮಾಡಲು 25 ಡಿಗ್ರಿಯಲ್ಲಿ ಸುಮಾರು 27 ಸೆಕೆಂಡ್ ಬೇಕು. 30 ಶೇಕಡಾ ಎಂಇಎ ದ್ರಾವಣದಲ್ಲಿ ಅದೇ ಕೆಲಸ ಸೆಕೆಂಡಿನ ಲಕ್ಷದಲ್ಲಿ ಎರಡು ಭಾಗದಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಅಣು ದ್ರಾವಣದೊಳಗೆ ಇಳಿಯುವ ಆಳ ಮೈಕ್ರಾನಿನ ಐದನೇ ಒಂದು ಪಾಲು, ಅಂದರೆ ತಲೆಗೂದಲಿನ ದಪ್ಪದ ಮುನ್ನೂರರಲ್ಲಿ ಒಂದು ಭಾಗ. ನಲವತ್ತು ಮೀಟರ್ ಎತ್ತರದ ಗೋಪುರವಿದ್ದರೂ ಹಿಡಿಯುವ ಕೆಲಸವೆಲ್ಲ ಈ ಸಿಪ್ಪೆಯಲ್ಲೇ.

ಈ ಸಿಪ್ಪೆಯನ್ನು ಲೆಕ್ಕಕ್ಕೆ ತಂದವರ ಸಾಲಿನಲ್ಲಿ 1923ರ ವಿಟ್ಮನ್ ಇದ್ದಾನೆ. ಅನಿಲದ ಕಡೆ ಒಂದು, ದ್ರವದ ಕಡೆ ಒಂದು ನಿಶ್ಚಲ ಪದರವಿದೆಯೆಂದು ಊಹಿಸಿದವನು ಅವನು. 1928–32ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಟ್ಟ, ಕ್ರಿಯೆಯ ವೇಗಕ್ಕೂ ಹರಡುವಿಕೆಯ ವೇಗಕ್ಕೂ ಇರುವ ನಂಟನ್ನು ಒಂದೇ ಸಂಖ್ಯೆಯಲ್ಲಿ ಹಿಡಿದ. ಇಂದಿಗೂ ವಿದ್ಯಾರ್ಥಿಗಳು ಹಟ್ಟ ಸಂಖ್ಯೆ ಎಂದೇ ಕರೆಯುತ್ತಾರೆ. ಪದರ ನಿಶ್ಚಲವಾಗಿರುವುದಿಲ್ಲ, ಒಳಗಿನಿಂದ ಹೊಸ ದ್ರವ ಉಕ್ಕಿ ಬಂದು ಮೇಲ್ಮೈ ಸದಾ ಹೊಸದಾಗುತ್ತಿರುತ್ತದೆ ಎಂದು 1951ರಲ್ಲಿ ಹೇಳಿದವನು ಪೀಟರ್ ಡ್ಯಾಂಕ್‌ವರ್ಟ್ಸ್.

ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1940ರಲ್ಲಿ ಲಂಡನ್ ಮೇಲೆ ಜರ್ಮನ್ ವಿಮಾನಗಳು ಪ್ಯಾರಾಚೂಟ್ ಕಟ್ಟಿದ ಭಾರಿ ಸಿಡಿಗುಂಡುಗಳನ್ನು ಇಳಿಸುತ್ತಿದ್ದಾಗ, ಸಿಡಿಯದೆ ಬಿದ್ದವುಗಳ ಕೀಲು ಬಿಚ್ಚುವ ಕೆಲಸ ಇವನದು. ಹೆಚ್ಚುಕಡಿಮೆ 48 ಗಂಟೆ ನಿದ್ದೆಯಿಲ್ಲದೆ 16 ಗುಂಡುಗಳನ್ನು ನಿಷ್ಕ್ರಿಯಗೊಳಿಸಿದ್ದಕ್ಕೆ ಜಾರ್ಜ್ ಕ್ರಾಸ್ ಬಂತು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕನಾದ. ಜೋಧಪುರದಲ್ಲಿ ಹುಟ್ಟಿದ ಮನಮೋಹನ ಶರ್ಮಾ ಅವನ ಬಳಿಗೆ ಹೋದದ್ದು 1960ರ ದಶಕದ ಮೊದಲಲ್ಲಿ.

ಶರ್ಮಾ ಹಲವು ಅಮೀನ್‌ಗಳನ್ನು ಸಾಲಾಗಿ ಅಳೆದರು. ಅಮೀನ್ ಹೆಚ್ಚು ಪ್ರತ್ಯಾಮ್ಲೀಯವಾದಷ್ಟೂ ಇಂಗಾಲದ ಡೈಆಕ್ಸೈಡಿನ ಮೇಲೆ ಬೇಗ ಬೀಳುತ್ತದೆಂಬ ನಂಟನ್ನು 1965ರ ಪ್ರಬಂಧ ಮುಂದಿಟ್ಟಿತು. ಮರುವರ್ಷ ಗುರುಶಿಷ್ಯರು ಸೇರಿ ಕ್ಷಾರ ಮತ್ತು ಅಮೀನ್ ದ್ರಾವಣಗಳಲ್ಲಿ ಈ ಅನಿಲದ ಹೀರಿಕೆಯ ಬಗ್ಗೆ ಬರೆದ ದೀರ್ಘ ಲೇಖನ ಬಹುಕಾಲ ಕೈಪಿಡಿಯಂತೆ ಓಡಾಡಿತು. ಅಷ್ಟರಲ್ಲಿ ಶರ್ಮಾ ಮುಂಬೈಗೆ ಮರಳಿ, 27ನೇ ವಯಸ್ಸಿಗೇ ಅಲ್ಲಿನ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದ (ಯುಡಿಸಿಟಿ) ಪ್ರಾಧ್ಯಾಪಕರಾಗಿದ್ದರು. ಬೆಂಗಳೂರಿನಲ್ಲಿ 1927ರಲ್ಲಿ ಹುಟ್ಟಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾದ ಎಲ್.ಕೆ. ದೊರೈಸ್ವಾಮಿ ಅವರೊಡನೆ ಶರ್ಮಾ ಬರೆದ ಎರಡು ಸಂಪುಟಗಳ ‘ಹೆಟರೋಜೀನಿಯಸ್ ರಿಯಾಕ್ಷನ್ಸ್’ 1984ರಲ್ಲಿ ಬಂತು. ಅದರ ಎರಡನೆಯ ಸಂಪುಟದಲ್ಲಿ ದ್ರವ–ಅನಿಲ ಕ್ರಿಯೆಗಳೂ ಬರುತ್ತವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ರಾಜಿಂದರ್ ಕುಮಾರ್ ಮತ್ತು ಕುಲೂರ್ ಗುಳ್ಳೆ ಮತ್ತು ಹನಿಗಳು ಹೇಗೆ ಹುಟ್ಟುತ್ತವೆಂದು ಲೆಕ್ಕ ಹಾಕಿ 1970ರಲ್ಲಿ ಪ್ರಕಟಿಸಿದ್ದೂ ಇದೇ ಜ್ಞಾನದ ಇನ್ನೊಂದು ಕವಲು. ಅನಿಲ ದ್ರವದೊಳಗೆ ಕಾಲಿಡುವ ಬಾಗಿಲೇ ಗುಳ್ಳೆ. ಕಾರ್ಖಾನೆಗಳು ನಮ್ಮಲ್ಲಿ ಎಣಿಸುವಷ್ಟಿದ್ದ ಕಾಲದಲ್ಲಿ ಈ ಲೆಕ್ಕಶಾಸ್ತ್ರ ಇಲ್ಲಿ ಇಷ್ಟು ಹುಲುಸಾಗಿ ಬೆಳೆದದ್ದು ನನಗೆ ಈಗಲೂ ಸೋಜಿಗ.

ಅಳತೆಯಲ್ಲೊಂದು ಚೋದ್ಯವಿತ್ತು. ವೇಗ ತಿಳಿಯಬೇಕಾದರೆ ಮೊದಲು ಅಮೀನ್ ದ್ರಾವಣದಲ್ಲಿ ಈ ಅನಿಲ ಎಷ್ಟು ಕರಗುತ್ತದೆಂದು ತಿಳಿಯಬೇಕು. ಆದರೆ ಕರಗುತ್ತಲೇ ಅದು ಕ್ರಿಯೆಗೊಂಡು ಮಾಯವಾಗುತ್ತದೆ. ಅಳೆಯುವುದು ಏನನ್ನು? ಸಿನಿಮಾದಲ್ಲಿ ಹೀರೋ ಬದಲು ಡ್ಯೂಪ್ ಹಾರುವಂತೆ ಇಲ್ಲಿಯೂ ಒಬ್ಬ ಡ್ಯೂಪ್ ಸಿಕ್ಕ. ಆಪರೇಷನ್ ಥಿಯೇಟರಿನ ನಗೆಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಅಣುತೂಕ ಎರಡಕ್ಕೂ 44, ಮೂರು ಪರಮಾಣುಗಳ ನೇರ ಗೆರೆಯ ಆಕಾರವೂ ಒಂದೇ; ಆದರೆ ನಗೆಅನಿಲ ಅಮೀನಿನ ತಂಟೆಗೆ ಹೋಗುವುದಿಲ್ಲ. ಅದರ ಕರಗುವಿಕೆ ಅಳೆದು, ನೀರಿನಲ್ಲಿ ಎರಡರ ಅನುಪಾತದಿಂದ ಗುಣಿಸಿದರೆ ಉತ್ತರ. 1981ರಲ್ಲಿ ಲಡ್ಡಾ, ಡಿಯಾಜ್ ಮತ್ತು ಡ್ಯಾಂಕ್‌ವರ್ಟ್ಸ್ ಈ ಉಪಾಯವನ್ನು ಒರೆಗೆ ಹಚ್ಚಿ ನೋಡಿದರು. ಇಂದಿಗೂ ಅದೇ ನಡೆಯುತ್ತಿದೆ.

ತಾಂಬೂಲವೋ ಧಾರೆಯೋ

ಅಮೀನ್ ಪ್ರಮಾಣ ಎರಡು ಪಟ್ಟು ಮಾಡಿದರೆ ವೇಗವೂ ಎರಡು ಪಟ್ಟಾಗಬೇಕು. ಎಂಇಎ ಈ ನಿಯಮ ಮೀರಲಿಲ್ಲ. ಡಿಇಎ ಮಾತ್ರ ತಲೆನೋವಾಯಿತು. ಒಂದು ಪ್ರಯೋಗಶಾಲೆಯಲ್ಲಿ ಎರಡು ಪಟ್ಟು, ಇನ್ನೊಂದರಲ್ಲಿ ನಾಲ್ಕು, ಮತ್ತೊಂದರಲ್ಲಿ ಎರಡಕ್ಕೂ ನಡುವೆ. ಯಾರ ಅಂಕಿಯೂ ಯಾರದಕ್ಕೂ ತಾಳೆಯಾಗಲಿಲ್ಲ.

ಡ್ಯಾಂಕ್‌ವರ್ಟ್ಸ್ 1979ರಲ್ಲಿ ಹೊರಗಿನವರ ಕೀಲಿಕೈ ತಂದ. 1968ರಲ್ಲಿ ಕ್ಯಾಪ್ಲೋ ಎಂಬ ಜೀವರಸಾಯನಜ್ಞ ಕಾರ್ಬಮೇಟ್ ಎರಡು ಹೆಜ್ಜೆಯಲ್ಲಿ ಆಗುತ್ತದೆಂದು ಹೇಳಿದ್ದ. ಮೊದಲು ಅಮೀನ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ, ಒಂದು ತುದಿಯಲ್ಲಿ ಧನ ಇನ್ನೊಂದು ತುದಿಯಲ್ಲಿ ಋಣ ವಿದ್ಯುದಂಶವಿರುವ ಜ್ವಿಟರ್‌ಅಯಾನ್ ಆಗುತ್ತದೆ. ಇದು ತಾಂಬೂಲ ಬದಲಾಯಿಸಿಕೊಂಡ ಹಂತ. ಆಮೇಲೆ ಇನ್ನೊಂದು ಪ್ರತ್ಯಾಮ್ಲ ಬಂದು ಹೆಚ್ಚುವರಿ ಪ್ರೋಟಾನನ್ನು ಒಯ್ದರೆ ಧಾರೆ ಎರೆದಂತೆ, ಕಾರ್ಬಮೇಟ್ ಸ್ಥಿರ. ಆ ಮೂರನೆಯವನು ತಡಮಾಡಿದರೆ ಸಂಬಂಧ ಮುರಿದು ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಎಂಇಎಯಲ್ಲಿ ಧಾರೆ ಬೇಗ ಆಗುವುದರಿಂದ ಮೊದಲ ಹೆಜ್ಜೆಯೇ ವೇಗವನ್ನು ನಿರ್ಧರಿಸುತ್ತದೆ. ಡಿಇಎಯಲ್ಲಿ ತಡ, ಹಾಗಾಗಿ ಮೂರನೆಯವನಾಗಿ ಬರುವ ಅಮೀನಿನ, ನೀರಿನ, ಹೈಡ್ರಾಕ್ಸಿಲ್‌ನ ಪ್ರಮಾಣವೆಲ್ಲ ಲೆಕ್ಕಕ್ಕೆ ಬರುತ್ತದೆ. ತಾಳೆಯಾಗದ ಅಂಕಿಗಳು ಒಂದೇ ಸೂತ್ರದೊಳಗೆ ಕೂತವು. ನೆದರ್ಲೆಂಡ್ಸಿನ ಬ್ಲಾವ್‌ಹೋಫ್, ವರ್ಸ್ಟೀಗ್, ವಾನ್ ಸ್ವಾಯ್ 1984ರಲ್ಲಿ ಹಳೆಯ ಅಂಕಿಗಳನ್ನೆಲ್ಲ ಈ ಕಣ್ಣಿನಿಂದ ಮರುಪರಿಶೀಲಿಸಿದರು.

1989ರಲ್ಲಿ ಕ್ರೂಕ್ಸ್ ಮತ್ತು ಡೊನೆಲನ್ ತಾಂಬೂಲವೇ ಇಲ್ಲ ಎಂದರು. ಅವರ ಪ್ರಕಾರ ಮೂವರೂ ಒಮ್ಮೆಲೇ ಕೂಡುತ್ತಾರೆ, ಬಂಧ ಏರ್ಪಡುವುದೂ ಪ್ರೋಟಾನ್ ಕೈಬದಲಾಗುವುದೂ ಒಂದೇ ಗಳಿಗೆ. 2004ರಲ್ಲಿ ನಾರ್ವೆಯ ದ ಸಿಲ್ವಾ ಮತ್ತು ಸ್ವೆಂಡ್‌ಸೆನ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗಲೂ ಜ್ವಿಟರ್‌ಅಯಾನಿಗೆ ಹೆಚ್ಚು ಆಯುಸ್ಸು ಕಾಣಲಿಲ್ಲ. ಮುಂಬೈನ ಪ್ರಕಾಶ್ ವೈದ್ಯ ಮತ್ತು ಜರ್ಮನಿಯ ಕೆನಿಗ್ 2007ರಲ್ಲಿ ಬರೆದ ಸಮೀಕ್ಷೆ ಎರಡೂ ವಾದಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ. ಗೋಪುರ ಕಟ್ಟುವವನಿಗೆ ಈ ಜಗಳದಿಂದ ದೊಡ್ಡ ನಷ್ಟವಿಲ್ಲ. ಧಾರೆ ತೀರ ನಿಧಾನವಾದಾಗ ಮೊದಲನೆಯ ಸೂತ್ರವೇ ಕರಗಿ ಎರಡನೆಯದರ ರೂಪ ತಾಳುತ್ತದೆ. ಆದರೆ ಹೊಸ ಅಮೀನ್ ಹುಡುಕುವವನಿಗೆ ಯಾವ ಹೆಜ್ಜೆಯನ್ನು ಚುರುಕುಗೊಳಿಸಬೇಕೆಂಬುದು ಗೊತ್ತಿರಲೇಬೇಕು. ಅವನ ಪಾಲಿಗೆ ಜಗಳ ಮುಗಿದಿಲ್ಲ.

ಅಷ್ಟರಲ್ಲಿ ಎಕ್ಸಾನ್ ಕಂಪನಿಯ ಸಾರ್ಟೋರಿ ಮತ್ತು ಸಾವೇಜ್ 1983ರಲ್ಲಿ ಬೇರೊಂದು ದಾರಿ ತೋರಿಸಿದ್ದರು. ಸಾರಜನಕದ ಪಕ್ಕದಲ್ಲೇ ದಪ್ಪ ಗುಂಪುಗಳನ್ನು ಕೂರಿಸಿ. ಕಿಕ್ಕಿರಿದ ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನು ತುದಿಗೆ ಕೂತಂತೆ ಕಾರ್ಬಮೇಟ್ ಭದ್ರವಾಗಿ ನಿಲ್ಲಲಾರದು, ಒಡೆದು ಬೈಕಾರ್ಬೊನೇಟ್ ಆಗುತ್ತದೆ. ಪ್ರಾಥಮಿಕ ಅಮೀನಿನ ಚುರುಕು ಒಂದಿಷ್ಟು ಉಳಿದು, ಒಂದಕ್ಕೆ ಒಂದು ಎಂಬ ತೃತೀಯಕದ ಮಿತವ್ಯಯವೂ ಸಿಗುತ್ತದೆ. ಎಎಂಪಿ ಎಂಬ ಅಮೀನ್ ಈ ಗುಂಪಿನದು.

ಜರ್ಮನಿಯ ಬಿಎಎಸ್‌ಎಫ್ ಹಿಡಿದದ್ದು ಮಿಶ್ರಣದ ದಾರಿ. ನಿಧಾನಿ ಎಂಡಿಇಎಗೆ ಒಂದಿಷ್ಟು ಪೈಪರಜೀನ್ ಬೆರೆಸುವುದು. ಎರಡು ಸಾರಜನಕಗಳಿರುವ ಈ ಉಂಗುರದಾಕಾರದ ಅಣುವಿನ ವೇಗ ಎಂಇಎಗಿಂತ ಹತ್ತು ಪಟ್ಟಿನಷ್ಟು. ತಾರಸಿ ಹಾಕುವ ದಿನ ಬಾಂಡ್ಲಿ ಕೈಯಿಂದ ಕೈಗೆ ದಾಟುವುದನ್ನು ನೆನಪಿಸಿಕೊಳ್ಳಿ. ಮೇಲ್ಮೈಯ ಸಿಪ್ಪೆಯಲ್ಲಿ ಪೈಪರಜೀನ್ ಅನಿಲವನ್ನು ಗಬಕ್ಕನೆ ಹಿಡಿಯುತ್ತದೆ, ಒಳಗೆ ಕಾದಿರುವ ಎಂಡಿಇಎಗೆ ದಾಟಿಸುತ್ತದೆ, ಬರಿಗೈಯಲ್ಲಿ ಮತ್ತೆ ಮೇಲ್ಮೈಗೆ ಬರುತ್ತದೆ. ಚುರುಕಿನವನಿಂದ ಹಿಡಿಸಿ, ಸಡಿಲಿನವನಲ್ಲಿ ಇರಿಸುವ ಈ ಉಪಾಯವೇ ನನ್ನ ಪ್ರಕಾರ ನೂರು ವರ್ಷದ ಹುಡುಕಾಟದಲ್ಲಿ ಅತ್ಯಂತ ಜಾಣತನದ್ದು. ರಸಾಯನದಲ್ಲಿ ಹೊಸದೇನನ್ನೂ ಕಂಡುಹಿಡಿಯದೆ ಕೆಲಸವನ್ನಷ್ಟೇ ಹಂಚಿದ್ದು.

ಹೊಗೆ ಬಂದಾಗ

ಇಷ್ಟು ಹೊತ್ತು ಮಾತಾಡಿದ್ದು ಶುದ್ಧವಾದ, ಒತ್ತಡದಲ್ಲಿರುವ ಗ್ಯಾಸಿನ ಬಗ್ಗೆ. ಹವಾಮಾನದ ಆತಂಕ ಹೆಚ್ಚಿದ ಮೇಲೆ ಇದೇ ದ್ರಾವಣವನ್ನು ಚಿಮಣಿಯ ಬಾಯಿಗೆ ತಂದು ನಿಲ್ಲಿಸಲಾಯಿತು. ಕ್ಯಾಲಿಫೋರ್ನಿಯಾದ ಟ್ರೋನಾದಲ್ಲಿ 1978ರಿಂದಲೇ ಕಲ್ಲಿದ್ದಲ ಹೊಗೆಯಿಂದ ಈ ಅನಿಲ ತೆಗೆದು ಸೋಡಾ ಬೂದಿ ಮಾಡುತ್ತಿದ್ದರು, ಅದು ವ್ಯಾಪಾರಕ್ಕೆ. ಕೆನಡಾದ ಬೌಂಡರಿ ಡ್ಯಾಮ್ 2014ರಲ್ಲಿ, ಟೆಕ್ಸಾಸಿನ ಪೆಟ್ರಾ ನೋವಾ 2017ರಲ್ಲಿ ವಿದ್ಯುತ್ ಸ್ಥಾವರದ ಅಳತೆಯಲ್ಲಿ ಇದನ್ನು ಮಾಡಿದವು.

ಹೊಗೆ ಅಮೀನಿಗೆ ಒಗ್ಗುವ ಆಹಾರವಲ್ಲ. ಅದರಲ್ಲಿ ಆಮ್ಲಜನಕವಿದೆ, ಕೊಳವೆಯಿಂದ ಕರಗಿದ ಕಬ್ಬಿಣದ ನೆರವಿನಿಂದ ಅದು ಅಮೀನನ್ನು ಒಡೆದು ಅಮೋನಿಯಾ ಮಾಡುತ್ತದೆ. ಗಂಧಕದ ಆಕ್ಸೈಡುಗಳು ಕಾಸಿದರೂ ಬಿಡದ ಲವಣಗಳಾಗಿ ದ್ರಾವಣವನ್ನು ಕಟ್ಟಿಹಾಕುತ್ತವೆ. ಸಾರಜನಕದ ಆಕ್ಸೈಡುಗಳು ದ್ವಿತೀಯಕ ಅಮೀನ್ ಜೊತೆ ಸೇರಿ ನೈಟ್ರೋಸಮೀನ್ ಆಗಬಹುದು. ಅವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ. ನಾರ್ವೆಯ ಮೋಂಗ್‌ಸ್ಟಾದ್‌ನ ಇಂಗಾಲ ಹಿಡಿಯುವ ಕೇಂದ್ರ 2012ರಲ್ಲಿ ತೆರೆಯುವ ಮೊದಲು ಚರ್ಚೆಯಾದದ್ದು ಹೆಚ್ಚಾಗಿ ಇದರ ಸುತ್ತಲೇ. ಇದೆಲ್ಲಕ್ಕಿಂತ ದೊಡ್ಡ ತಲೆನೋವು ಹಬೆ. ಎಂಇಎಯಿಂದ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಡಿಸಲು 3.6ರಿಂದ 4 ಗಿಗಾಜೂಲ್ ಶಾಖ ಬೇಕು. ಹೊಸ ದ್ರಾವಣಗಳು ಅದನ್ನು 2.5ರ ಹತ್ತಿರಕ್ಕೆ ಇಳಿಸಿವೆ. ಟೆಕ್ಸಾಸಿನ ಗ್ಯಾರಿ ರೊಶೆಲ್ 2009ರಲ್ಲಿ ಹಾಕಿದ ಲೆಕ್ಕದಂತೆ, ಕಲ್ಲಿದ್ದಲ ಹೊಗೆಯಿಂದ ಒಂದು ಟನ್ ಬೇರ್ಪಡಿಸಿ 150 ಬಾರ್‌ಗೆ ಅದುಮಲು ಪ್ರಕೃತಿ ಕೇಳುವ ಕನಿಷ್ಠ ಬೆಲೆ 110 ಯೂನಿಟ್ ವಿದ್ಯುತ್. ಎಷ್ಟೇ ಜಾಣತನ ಮಾಡಿದರೂ 200ಕ್ಕಿಂತ ಕೆಳಗಿಳಿಯುವುದು ಕಷ್ಟವೆಂದು ಅವನ ಅಂದಾಜು.

ಭಾರತದಲ್ಲಿ ಈ ಕೆಲಸ ಮೊದಲು ಕುದುರಿದ್ದು ಗೊಬ್ಬರದಲ್ಲಿ. ನಾಫ್ತಾ ಬಿಟ್ಟು ನೈಸರ್ಗಿಕ ಅನಿಲಕ್ಕೆ ಹೊರಳಿದ ಕಾರ್ಖಾನೆಗಳಲ್ಲಿ ಅಮೋನಿಯಾ ಸಾಕಷ್ಟಿದ್ದು ಯೂರಿಯಾಕ್ಕೆ ಇಂಗಾಲದ ಡೈಆಕ್ಸೈಡೇ ಸಾಲದಾಯಿತು. 2006ರಲ್ಲಿ ಇಫ್ಕೋದ ಆಂವ್ಲಾ ಮತ್ತು ಫೂಲ್‌ಪುರ್ ಘಟಕಗಳು, 2009ರಲ್ಲಿ ಕಾಕಿನಾಡದ ನಾಗಾರ್ಜುನ ಘಟಕ ಮಿತ್ಸುಬಿಷಿಯ ದ್ರಾವಣದಿಂದ ತಮ್ಮದೇ ಹೊಗೆಯಿಂದ ದಿನಕ್ಕೆ ತಲಾ 450 ಟನ್ ಹಿಡಿಯತೊಡಗಿದವು. ಐಐಟಿ ಖರಗ್‌ಪುರದ ಇಬ್ಬರು ಹುಡುಗರು 2009ರಲ್ಲಿ ಹುಟ್ಟುಹಾಕಿದ ಕಾರ್ಬನ್ ಕ್ಲೀನ್‌ನ ತಂತ್ರಜ್ಞಾನ 2016ರಲ್ಲಿ ತೂತ್ತುಕುಡಿಯ ಕ್ಷಾರ ಕಾರ್ಖಾನೆಗೆ ಬಂತು. ವರ್ಷಕ್ಕೆ 60,000 ಟನ್, ಸೋಡಾ ಬೂದಿಗೆ. 2022ರಲ್ಲಿ ಎನ್‌ಟಿಪಿಸಿಯ ವಿಂಧ್ಯಾಚಲದಲ್ಲಿ ದಿನಕ್ಕೆ 20 ಟನ್‌ನ ಘಟಕ. ಅದೇ ವರ್ಷ ಕೇಂದ್ರದ ವಿಜ್ಞಾನ ಇಲಾಖೆ ಇಂಗಾಲ ಹಿಡಿಯುವ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿತು: ಒಂದು ಐಐಟಿ ಬಾಂಬೆಗೆ, ಇನ್ನೊಂದು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ. ಜಕ್ಕೂರಿನವರ ಒಲವು ದ್ರಾವಣಕ್ಕಿಂತ ರಂಧ್ರಮಯ ಘನಗಳತ್ತ, ಹಿಡಿದ ಅನಿಲವನ್ನು ಮೆಥನಾಲ್‌ನಂಥ ವಸ್ತುವಾಗಿಸುವ ವೇಗವರ್ಧಕಗಳತ್ತ. ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವ ಹೆದ್ದಾರಿಯಿಂದ ಅದು ಕೂಗಳತೆಯ ದೂರ.

ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಿರುವ ನಮ್ಮ ಜಿಲ್ಲೆಗೆ ಇದನ್ನು ಅನ್ವಯಿಸಿ ನೋಡಿದರೆ ಯಾವ ಚಿಮಣಿಗೆ ಅಮೀನ್ ಬೇಕು, ಯಾವುದಕ್ಕೆ ಬೇಡ ಎಂಬುದು ಅನಿಲದ ದಟ್ಟಣೆಯಿಂದಲೇ ಗೊತ್ತಾಗುತ್ತದೆ. ನೆಲಮಂಗಲದ ಬಿಯರ್ ಕಾರ್ಖಾನೆಯ ಹುದುಗು ತೊಟ್ಟಿಯಿಂದ ಏಳುವುದು ಹೆಚ್ಚುಕಡಿಮೆ ಶುದ್ಧ ಇಂಗಾಲದ ಡೈಆಕ್ಸೈಡ್. ಅದಕ್ಕೆ ನೀರಿನ ತೊಳೆತ, ಇದ್ದಿಲ ಸೋಸುವಿಕೆ ಸಾಕು. ಅಮೀನ್ ತಂದರೆ ಹಣ ಪೋಲು. ಸಗಣಿ ಅಥವಾ ಹಸಿ ಕಸದ ಬಯೋಗ್ಯಾಸಿನಲ್ಲಿ 35–45 ಶೇಕಡಾ. ವಾಹನಕ್ಕೆ ತುಂಬುವ ಬಯೋ ಸಿಎನ್‌ಜಿಗೆ 2016ರ ಭಾರತೀಯ ಮಾನದಂಡ ಹಾಕಿರುವ ಮಿತಿ 4 ಶೇಕಡಾ. ಅಷ್ಟಕ್ಕಿಳಿಸಲು ಐಐಟಿ ದೆಹಲಿ ರೂಢಿಗೆ ತಂದ ಒತ್ತಡದ ನೀರಿನ ತೊಳೆತವೂ ಇದೆ, ಅಮೀನೂ ಇದೆ. ನೀರಿನಲ್ಲಿ ಒಂದಿಷ್ಟು ಮೀಥೇನ್ ಸೋರಿಹೋಗುತ್ತದೆ. ಅಮೀನ್ ಮೀಥೇನನ್ನು ಮುಟ್ಟುವುದೇ ಇಲ್ಲ, ಆದರೆ ಹಬೆ ಕೇಳುತ್ತದೆ. ಬೆಂಗಳೂರಿನ ಕಸ ವರ್ಷಗಳಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳ ಪಕ್ಕ ಬಂದು ಬೀಳುತ್ತಿದೆ, ಜನ ದುರ್ನಾತಕ್ಕೆ ರೋಸಿ ಬೀದಿಗಿಳಿದದ್ದೂ ಆಗಿದೆ. ಅಮೀನ್ ಗೋಪುರಕ್ಕೆ ಈ ಜಿಲ್ಲೆಯಲ್ಲಿ ನಿಜವಾದ ಕೆಲಸವಿದ್ದರೆ ಅದು ಅಂಥ ಕಸದ ಗ್ಯಾಸಿನ ಹಿಂದೆಯೇ ಎಂದು ನನ್ನ ಎಣಿಕೆ. ಬಾಶೆಟ್ಟಿಹಳ್ಳಿಯಲ್ಲೋ ದಾಬಸ್‌ಪೇಟೆಯಲ್ಲೋ ಚದುರಿರುವ ಸಣ್ಣಪುಟ್ಟ ಬಾಯ್ಲರುಗಳಿಗೆ ಒಂದೊಂದು ಜೋಡಿ ಗೋಪುರ ಕಟ್ಟಿದರೆ ಆನೆಗಿಂತ ಅಂಕುಶಕ್ಕೇ ಖರ್ಚು ಹೆಚ್ಚು.

ಇನ್ನುಳಿದದ್ದು ಜಿಲ್ಲೆಯ ಗಡಿಗೆ ತಾಗಿದಂತಿರುವ ಯಲಹಂಕದ 370 ಮೆಗಾವಾಟ್ ಗ್ಯಾಸ್ ವಿದ್ಯುತ್ ಸ್ಥಾವರ. ಕೆಪಿಸಿಎಲ್‌ನ ಈ ಘಟಕ 2024ರಲ್ಲಿ ಉದ್ಘಾಟನೆಯಾಯಿತು. ಅದಕ್ಕೊಂದು ಅಮೀನ್ ಗೋಪುರ ಹಚ್ಚಿದರೆ ಹೇಗಿದ್ದೀತೆಂದು ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ ಸುಮಾರು 140 ಟನ್ ಇಂಗಾಲದ ಡೈಆಕ್ಸೈಡ್. ಅದರ 90 ಶೇಕಡಾ ಹಿಡಿಯಲು ಎಂಇಎಗೆ ಬೇಕಾಗುವ ಹಬೆ 130 ಮೆಗಾವಾಟ್ ಶಾಖಕ್ಕೆ ಸಮ. ಟರ್ಬೈನಿಗೆ ಹೋಗಬೇಕಾದ ಹಬೆಯಿಂದಲೇ ಅದನ್ನು ಕದಿಯಬೇಕು. ಕಲ್ಲಿದ್ದಲ ಹೊಗೆಯಲ್ಲಿ ಈ ಅನಿಲ 12–14 ಶೇಕಡಾ ಇದ್ದರೆ ಗ್ಯಾಸ್ ಟರ್ಬೈನಿನ ಹೊಗೆಯಲ್ಲಿ 4 ಮಾತ್ರ. ಅದರ ಜೊತೆಗೆ ಬರುವ ಆಮ್ಲಜನಕ ಇದರ ಮೂರು ಪಟ್ಟು. ಹಿಡಿಯಲು ಬಂದ ಅಮೀನಿಗೆ ಪ್ರತಿ ಸುತ್ತಿನಲ್ಲೂ ಬೇಕಾದ ಅತಿಥಿಗಿಂತ ತನ್ನನ್ನು ಒಡೆಯುವವನೇ ಹೆಚ್ಚಾಗಿ ಎದುರಾಗುತ್ತಾನೆ.